ಪ್ರಾಜೆಕ್ಟ್ ವರದಿಯ ‘ಕಲಿತ ಪಾಠಗಳು’ ಅಧ್ಯಾಯದಲ್ಲಿ ನಿಜವನ್ನು ಬರೆಯುವುದು ಹೇಗೆ?

ತೂಬಿನ ಕಟ್ಟೆ, ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಾಲ್ವರ ನಮ್ಮ ತಂಡದ ಪ್ರಾಜೆಕ್ಟ್ ಕಳೆದ ವಾರ ಮುಗಿಯಿತು. ಡೆಮೊ ಹೇಗೋ ದಾಟಿತು, ಅಂಕಗಳ ಬಗ್ಗೆ ದೂರೇನೂ ಇಲ್ಲ. ಈಗ ಉಳಿದಿರುವುದು ವರದಿಯ ಕೊನೆಯ ಅಧ್ಯಾಯ ಮಾತ್ರ. ‘ಪ್ರಾಜೆಕ್ಟಿನಿಂದ ಕಲಿತ ಪಾಠಗಳು’ ಎಂಬ ಆ ಅಧ್ಯಾಯಕ್ಕೆ ಪ್ರತಿಯೊಬ್ಬರೂ ತಮ್ಮ ಪಾಲಿನ ಎರಡು ಪುಟಗಳನ್ನು ಬೇರೆಯಾಗಿಯೇ ಬರೆದು ಕೊಡಬೇಕೆಂದು ನಮ್ಮ ಗೈಡ್ ಹೇಳಿದ್ದಾರೆ. ಗ್ರಂಥಾಲಯದಲ್ಲಿ ಹಿಂದಿನ ವರ್ಷಗಳ ಐದಾರು ವರದಿಗಳನ್ನು ತೆರೆದು ನೋಡಿದೆ. ಎಲ್ಲದರಲ್ಲಿಯೂ ಸಂವಹನ ಮುಖ್ಯ, ಸಮಯಪಾಲನೆ ಮುಖ್ಯ, ಒಗ್ಗಟ್ಟು ಮುಖ್ಯ ಎಂಬ ಮೂರು ಮಾತುಗಳೇ ಸ್ವಲ್ಪ ಹಿಂದುಮುಂದಾಗಿ ಬಂದಿವೆ. ಅಷ್ಟನ್ನು ಬರೆಯುವುದಕ್ಕೆ ಒಂದು ಸೆಮಿಸ್ಟರ್ ಕೋಡ್ ಬರೆಯುವ ಅಗತ್ಯವೇ ಇರಲಿಲ್ಲ.

ನಾವು ಮಾಡಿದ್ದು ಇಷ್ಟು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆಂಬುದು ಇಲ್ಲಿಯವರಿಗೆ ಗೊತ್ತಿರುವ ವಿಚಾರ. ಕೆಲವು ದಿನ ಹರಿಸುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನೀರು ಯಾವಾಗ ಬರುತ್ತದೆಂದು ತಿಳಿಯದೆ ರೈತರು ರಾತ್ರಿಯೆಲ್ಲ ತೂಬಿನ ಬಳಿ ಕಾಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆದ್ದರಿಂದ ಕಟ್ಟಿನ ವೇಳಾಪಟ್ಟಿಯನ್ನು ಕನ್ನಡದಲ್ಲಿ ಎಸ್ಸೆಮ್ಮೆಸ್ ಮೂಲಕ ತಿಳಿಸುವ ಒಂದು ಆ್ಯಪ್ ಮಾಡೋಣವೆಂದು ಹೊರಟೆವು. ಒಬ್ಬರು ಪರದೆಯ ವಿನ್ಯಾಸ, ಒಬ್ಬರು ಸರ್ವರ್, ಒಬ್ಬರು ಡೇಟಾಬೇಸ್, ಒಬ್ಬರು ವರದಿ ಮತ್ತು ಟೆಸ್ಟಿಂಗ್ ಎಂದು ಮೊದಲ ದಿನವೇ ಕೆಲಸ ಹಂಚಿಕೊಂಡೆವು. ಸರ್ವರ್ ನನ್ನ ಪಾಲಿಗೆ ಬಂತು. ತಂಡದ ಲೀಡರ್ ಕೂಡ ನಾನೇ.

ಮೂರು ಕಡೆ ಎಡವಿದೆವು. ಊರುಗಳ ಮತ್ತು ತೂಬುಗಳ ಪಟ್ಟಿ ಕೈಗೆ ಬಂದಾಗ ಅದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ನಮ್ಮ ಪರದೆಗೆ ತಂದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನದಂತೆ ಕಾಣುತ್ತಿತ್ತು. ಎರಡನೆಯದಾಗಿ, ವ್ಯವಸ್ಥೆಯೊಂದರಿಂದ ಎಸ್ಸೆಮ್ಮೆಸ್ ಕಳುಹಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಸಂಸ್ಥೆಯ ಹೆಸರು, ಕಳುಹಿಸುವವರ ಗುರುತು, ಸಂದೇಶದ ಒಕ್ಕಣೆ ಎಲ್ಲವನ್ನೂ ಮೊದಲೇ ಡಿಎಲ್‌ಟಿ ಎಂಬ ಮೊಬೈಲ್ ಕಂಪನಿಗಳ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಬೇಕೆಂಬುದು ಡೆಮೊಗೆ ಎರಡು ವಾರ ಇರುವಾಗ ಗೊತ್ತಾಯಿತು. ನಾವು ಸಂಸ್ಥೆಯಲ್ಲ. ಕೊನೆಗೆ ಟೆಲಿಗ್ರಾಂನಲ್ಲಿ ತಾನಾಗಿಯೇ ಸಂದೇಶ ಕಳುಹಿಸುವ ಬಾಟ್ ಒಂದನ್ನು ಕಟ್ಟಿ ಮಾನ ಉಳಿಸಿಕೊಂಡೆವು. ಮೂರನೆಯದಾಗಿ, ಡೆಮೊ ಆದ ಮರುದಿನ ನಮ್ಮೂರಿನ ಆಲೆಮನೆಯ ಹತ್ತಿರ ಒಬ್ಬ ಹಿರಿಯರಿಗೆ ಆ್ಯಪ್ ತೋರಿಸಿದೆ. ಮೊದಲ ಪರದೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಅದರ ಗರಿಷ್ಠ 124.80 ಅಡಿ, ಬಣ್ಣಬಣ್ಣದ ಗ್ರಾಫ್ ಎಲ್ಲವೂ ಇದ್ದವು. ಅವರು ಅದನ್ನು ನೋಡಿ, ಕಟ್ಟೆ ತುಂಬಿದ್ದು ಪೇಪರಿನಲ್ಲೇ ಬರುತ್ತದೆ ಮಗ, ನನ್ನ ತೂಬಿಗೆ ಎಷ್ಟೊತ್ತಿಗೆ ಬರುತ್ತದೆ ಅನ್ನುವುದನ್ನು ಹೇಳು ಎಂದರು.

ಆದರೆ ನನ್ನನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ಕೋಡಿನ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರಿನೊಂದಿಗೆ ದಾಖಲಿಸುವ ಗಿಟ್‌ನಲ್ಲಿ ಒಟ್ಟು ಮುನ್ನೂರಕ್ಕೂ ಹೆಚ್ಚು ಕಮಿಟ್‌ಗಳಿದ್ದು (ಒಂದೊಂದು ದಾಖಲೆಯೂ ಒಂದು ಕಮಿಟ್), ಅರ್ಧಕ್ಕಿಂತ ಹೆಚ್ಚು ನನ್ನವು. ಟೆಸ್ಟಿಂಗ್ ವಹಿಸಿಕೊಂಡಿದ್ದ ಗೆಳತಿಯ ಹೆಸರಿನಲ್ಲಿರುವುದು ಮೂರೇ ಮೂರು. ನಾನು ಕಲಿತ ಪಾಠವೇನೆಂದು ಪ್ರಾಮಾಣಿಕವಾಗಿ ಬರೆಯಲು ಕುಳಿತರೆ, ತಂಡದ ಕೆಲಸವೆಂದರೆ ಒಬ್ಬರು ದುಡಿಯುವುದು, ನಾಲ್ವರು ಅಂಕ ಪಡೆಯುವುದು ಎಂದೇ ಬರೆಯಬೇಕಾಗುತ್ತದೆ. ಇದನ್ನು ವರದಿಯಲ್ಲಿ ಬರೆಯಬಹುದೇ? ಬರೆಯಬಾರದೆಂದಾದರೆ, ಸುಳ್ಳಾಗದಂತೆ ಏನನ್ನು ಬರೆಯಬೇಕು?

ಮೂರನೇ ಪಾಳಿ, ಮೈಸೂರು

ಮೈಸೂರಿನ ಹೆಬ್ಬಾಳದ ಕಡೆಯ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿ ಬಿಡುಗಡೆಯ ನಂತರವೂ ನಾವು ಇಂಥದೇ ಒಂದು ಸಭೆ ನಡೆಸುತ್ತೇವೆ, ಅಲ್ಲಿಯೂ ಮೊದಲು ಹೊರಬೀಳುವುದು ‘ಸಂವಹನ ಇನ್ನೂ ಚೆನ್ನಾಗಿರಬೇಕಿತ್ತು’ ಎಂಬ ಮಾತೇ. ಆದ್ದರಿಂದ ಗ್ರಂಥಾಲಯದ ಆ ವರದಿಗಳನ್ನು ಬರೆದವರ ಬಗ್ಗೆ ಬೇಸರ ಬೇಡ. ಸಂವಹನ ಮುಖ್ಯವಲ್ಲ ಎಂದು ವಾದಿಸುವವರು ಊರಿನಲ್ಲಿ ಒಬ್ಬರೂ ಇಲ್ಲದಿರುವಾಗ, ಅದು ಮುಖ್ಯವೆಂದು ಬರೆಯುವುದರಿಂದ ಬರೆದವರಿಗೂ ಓದಿದವರಿಗೂ ಏನೂ ಸೇರುವುದಿಲ್ಲ. ಪಾಠವೆನ್ನಬೇಕಾದರೆ ಅದರಲ್ಲಿ ಒಂದು ದಿನಾಂಕ, ಆ ದಿನ ನೀವು ತೆಗೆದುಕೊಂಡ ಒಂದು ತೀರ್ಮಾನ, ಆಗ ನಿಮಗೆ ಗೊತ್ತಿದ್ದದ್ದು ಎಷ್ಟು ಮತ್ತು ಗೊತ್ತಿಲ್ಲದ್ದು ಯಾವುದು ಎಂಬ ವಿವರ ಇರಬೇಕು.

ನಿಮ್ಮ ಬರಹದಲ್ಲಿಯೇ ಅಂಥ ದಿನವೊಂದಿದೆ, ನೀವು ಅದನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಪರದೆ, ಸರ್ವರ್, ಡೇಟಾಬೇಸ್, ವರದಿ ಎಂದು ಕೆಲಸ ಹಂಚಿಕೊಂಡ ಮೊದಲ ದಿನ. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆಯ ಆಕಾರವು ಆ ಸಂಸ್ಥೆಯೊಳಗಿನ ಮಾತುಕತೆಯ ಆಕಾರವನ್ನೇ ಹೋಲುತ್ತದೆ ಎಂದು ಗಣಕ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿಯೇ ಬರೆದಿದ್ದರು. ನೀವು ನಾಲ್ವರು ನಾಲ್ಕು ಪದರಗಳಾದಿರಿ, ನಿಮ್ಮ ಆ್ಯಪ್ ಕೂಡ ನಾಲ್ಕು ಪದರಗಳಾಗಿ ಬೇರೆಬೇರೆ ಬೆಳೆಯಿತು. ಹೀಗೆ ಹಂಚಿಕೊಂಡರೆ ಯಾರೊಬ್ಬರ ಕೆಲಸವೂ ಉಳಿದವರದು ಮುಗಿಯುವವರೆಗೆ ಓಡುವುದಿಲ್ಲ. ಎಲ್ಲವೂ ಬಂದು ಕೂಡುವ ಜಾಗ ಸರ್ವರ್ ಆದ್ದರಿಂದ ಕೊನೆಯ ತಿಂಗಳಿನ ಹೊರೆಯೆಲ್ಲ ಅಲ್ಲಿ ಕುಳಿತವರ ತಲೆಯ ಮೇಲೆ ಬೀಳುತ್ತದೆ. ಅದು ಉಳಿದವರ ಸೋಮಾರಿತನವೇ ಇರಬೇಕೆಂದಿಲ್ಲ. ಬದಲಿಗೆ ಒಂದೇ ಊರಿನ ಒಂದೇ ತೂಬಿಗೆ ಒಂದು ಸಂದೇಶ ಹೋಗುವಷ್ಟನ್ನು ಮೊದಲ ಮೂರು ವಾರಗಳಲ್ಲಿ ನಾಲ್ವರೂ ಸೇರಿ ಮಾಡಿದ್ದರೆ, ನುಡಿ ಫಾಂಟಿನ ಸಮಸ್ಯೆಯೂ ಡಿಎಲ್‌ಟಿಯ ಸಮಸ್ಯೆಯೂ ಆಗಲೇ ಎದುರಾಗುತ್ತಿದ್ದವು. ಎಲ್ಲ ಭಾಗಗಳೂ ಕೂಡಿ ಮೊದಲ ಬಾರಿಗೆ ಓಡಿದ ದಿನ ಯಾವುದೆಂದು ಕಮಿಟ್‌ಗಳ ಪಟ್ಟಿಯಾದ ಗಿಟ್ ಲಾಗ್ ತೆರೆದು ನೋಡಿ, ಇಲ್ಲಿ ತಿಳಿಸಿ.

ಐಬಿಎಂನ ಒಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಕೊಟ್ಟ ಲೆಕ್ಕವೊಂದಿದೆ: ಒಟ್ಟು ಸಮಯದ ಮೂರನೆಯ ಒಂದು ಭಾಗ ಯೋಜನೆಗೆ, ಆರನೆಯ ಒಂದು ಭಾಗ ಮಾತ್ರ ಕೋಡಿಗೆ, ಉಳಿದ ಅರ್ಧ ಪರೀಕ್ಷೆಗೆ. ನಿಮ್ಮ ಲಾಗ್‌ನಲ್ಲಿ ಈ ಪ್ರಮಾಣ ಹೇಗಿದೆಯೆಂದು ನೋಡಿದರೆ ಒಂದು ಪುಟಕ್ಕಾಗುವಷ್ಟು ಸರಕು ಅಲ್ಲಿಯೇ ಸಿಗುತ್ತದೆ.

ಇನ್ನು ಕಮಿಟ್‌ಗಳ ಎಣಿಕೆ. ಅದನ್ನು ವರದಿಗೆ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ನುಡಿಯಲ್ಲಿದ್ದ ಆ ಪಟ್ಟಿ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬಂದದ್ದು ಹೇಗೆ, ಅದನ್ನು ಮಾಡಿದವರು ಯಾರು? ಪರಿವರ್ತಕ ತಂತ್ರಾಂಶಗಳು ಒತ್ತಕ್ಷರ ಮತ್ತು ಅರ್ಕಾವೊತ್ತು ಬಂದಲ್ಲಿ ಎಡವುವುದನ್ನು ನಾನು ಕಂಡಿದ್ದೇನೆ, ಯಾರೋ ಕುಳಿತು ಒಂದೊಂದು ಸಾಲನ್ನೂ ಕಣ್ಣಿಂದ ನೋಡಿ ತಿದ್ದಿರಲೇಬೇಕು. ಆ ಕೆಲಸ ಯಾರ ಹೆಸರಿನಲ್ಲಿ ಕಮಿಟ್ ಆಗಿದೆ?

ಕುಕ್ಕರಹಳ್ಳಿ ದಂಡೆ, ಮೈಸೂರು

ನಾನೂ ವಿದ್ಯಾರ್ಥಿಯೇ, ಒಂದು ವರ್ಷ ಹಿಂದಿನವನು. ಮೇಲಿನ ಸರ್ ಹೇಳಿದಂತೆ ಲಾಗ್ ನೋಡಲು ಹೊರಟರೆ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಲಾಗ್ ಕೂಡ ಪೂರ್ತಿ ನಡೆದದ್ದನ್ನು ಹೇಳುವುದಿಲ್ಲ. ನಮ್ಮ ತಂಡದಲ್ಲಿ ಒಬ್ಬ ಗೆಳೆಯ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಒಂದೇ ಜಾಗದಲ್ಲಿ ಡಿಕ್ಕಿಯಾಗುವುದು) ಬಿಡಿಸಲು ಬಾರದೆ, ಯಾವುದೋ ಉತ್ತರ ನೋಡಿ ಫೋರ್ಸ್ ಪುಶ್ ಮಾಡಿದ, ಅಂದರೆ ಎಲ್ಲರ ಕೋಡಿನ ಮೇಲೆ ತನ್ನ ಪ್ರತಿಯನ್ನೇ ಬಲವಂತವಾಗಿ ಹೇರಿದ. ಇನ್ನೊಬ್ಬಳ ಮೂರು ದಿನಗಳ ಕೆಲಸ ಮುಖ್ಯ ಬ್ರಾಂಚಿನಿಂದ (ಎಲ್ಲರೂ ಹಂಚಿಕೊಳ್ಳುವ ಕೋಡಿನ ಮುಖ್ಯ ಸಾಲಿನಿಂದ) ಮಾಯವಾಯಿತು. ಹಾಸ್ಟೆಲಿನಲ್ಲಿ ಆ ರಾತ್ರಿ ನಡೆದ ಜಗಳವನ್ನು ವಿವರಿಸುವುದು ಬೇಡ. ಮರುದಿನ ಅವಳದೇ ಲ್ಯಾಪ್‌ಟಾಪಿನ ರೆಫ್‌ಲಾಗ್‌ನಲ್ಲಿ, ಅಂದರೆ ಬ್ರಾಂಚುಗಳು ಹಿಂದೆ ಎಲ್ಲೆಲ್ಲಿ ನಿಂತಿದ್ದವೆಂದು ಗಿಟ್ ಆಯಾ ಯಂತ್ರದಲ್ಲೇ ಇಡುವ ದಿನಚರಿಯಲ್ಲಿ, ಎಲ್ಲವೂ ಹಾಗೇ ಇತ್ತು. ಬೇರೆ ಬ್ರಾಂಚ್ ಮಾಡಿ ಹತ್ತೇ ನಿಮಿಷದಲ್ಲಿ ಮರಳಿ ತಂದೆವು. ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳ ಸುಳಿವನ್ನು ಗಿಟ್ ಸಾಮಾನ್ಯವಾಗಿ 30 ದಿನ ರೆಫ್‌ಲಾಗ್‌ನಲ್ಲಿ ಇಟ್ಟುಕೊಂಡಿರುತ್ತದೆ ಎಂಬುದು ಆ ರಾತ್ರಿ ನಮಗಾರಿಗೂ ಗೊತ್ತಿರಲಿಲ್ಲ.

ಆ ಮೂರು ದಿನಗಳ ಕೆಲಸವನ್ನು ಮರಳಿ ಸೇರಿಸುವಾಗ ನಾವು ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಕಮಿಟ್ ಮಾಡಿದೆವು. ಈಗ ಲಾಗ್ ನೋಡಿದವರಿಗೆ ಅವಳು ಒಂದು ದಿನ ಒಂದು ಗಂಟೆ ಕೆಲಸ ಮಾಡಿದಂತೆ ಕಾಣುತ್ತದೆ. ನಮ್ಮ ವರದಿಯಲ್ಲಿ ‘ವರ್ಷನ್ ಕಂಟ್ರೋಲ್ ಕಲಿತೆವು’ ಎಂದು ಒಂದು ಸಾಲು ಬರೆದು ಮುಗಿಸಿದ್ದೆವು. ಮುಖ್ಯ ಬ್ರಾಂಚಿಗೆ ಫೋರ್ಸ್ ಪುಶ್ ಆಗದಂತೆ ಬೀಗ ಹಾಕುವ ಸೌಲಭ್ಯ ಎರಡು ಕ್ಲಿಕ್ಕಿನ ದೂರದಲ್ಲಿತ್ತು ಎಂಬುದನ್ನೇ ಬರೆಯಬಹುದಿತ್ತು ಎಂದು ಈಗ ಅನಿಸುತ್ತದೆ.

ಪಾಠದ ಕೋಣೆ, ಮೈಸೂರು

ಇಪ್ಪತ್ತು ವರ್ಷಗಳಿಂದ ಪ್ರಾಜೆಕ್ಟ್ ಗೈಡ್ ಆಗಿಯೂ ಪರೀಕ್ಷಕಿಯಾಗಿಯೂ ಇರುವವಳ ದೃಷ್ಟಿಯಿಂದ ಒಂದೆರಡು ಮಾತು. ವರದಿಯಲ್ಲಿ ಗೆಳತಿಯ ಮೇಲೆ ದೂರು ಬರೆಯುವುದನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಕಾರಣ ಸೌಜನ್ಯವಷ್ಟೇ ಅಲ್ಲ. ಯಾರು ಕೆಲಸ ಮಾಡಲಿಲ್ಲ ಎಂಬುದು ಗೈಡ್ ಬಳಿ ಸೆಮಿಸ್ಟರಿನ ನಡುವೆಯೇ ಹೇಳಬೇಕಾದ ವಿಷಯ. ಅಂಕ ಬಂದ ಮೇಲೆ ಅದನ್ನು ಬೈಂಡ್ ಮಾಡಿಸಿ ಕಪಾಟಿನಲ್ಲಿಟ್ಟರೆ ಸರಿಪಡಿಸಲು ಯಾರಿಗೂ ಅವಕಾಶವಿರುವುದಿಲ್ಲ. ಹಾಗೆಂದು ಎಲ್ಲವನ್ನೂ ‘ನಾವು’ ಎಂಬ ಪದದ ಹಿಂದೆ ಬಚ್ಚಿಡುವುದೂ ಸರಿಯಲ್ಲ. ಲೀಡರ್ ಆಗಿ ಕೆಲಸ ಹಂಚಿದವರು ನೀವಾಗಿದ್ದರೆ ‘ನಾನು ಹೀಗೆ ಹಂಚಿದೆ’ ಎಂದೇ ಬರೆಯಿರಿ. ವರದಿಗಳಲ್ಲಿ ಕರ್ಮಣಿ ಪ್ರಯೋಗ ನಮ್ಮ ಮಕ್ಕಳಿಗೆ ಬಹಳ ಪ್ರಿಯ. ‘ಮಾಡಲಾಯಿತು’, ‘ತೀರ್ಮಾನಿಸಲಾಯಿತು’ ಎಂದು ಬರೆದಾಗ ಮಾಡಿದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯ ಮಾತು ಎಸ್ಸೆಮ್ಮೆಸ್ ಕುರಿತು. ಟೆಲಿಗ್ರಾಂಗೆ ಬದಲಾಯಿಸಲು ಎಷ್ಟು ದಿನ ಹಿಡಿಯಿತೆಂದು ನೀವು ಬರೆದಿಲ್ಲ. ಒಂದು ತಂತ್ರಾಂಶವನ್ನು ಭಾಗಗಳಾಗಿ ಒಡೆಯುವಾಗ ಕೆಲಸ ನಡೆಯುವ ಹಂತಗಳನ್ನು ಅನುಸರಿಸಿ ಒಡೆಯಬಾರದು, ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಗುರುತಿಸಿ ಒಂದೊಂದನ್ನೂ ಒಂದೊಂದು ಭಾಗದೊಳಗೆ ಅಡಗಿಸಬೇಕು ಎಂದು ತಂತ್ರಾಂಶ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಇದನ್ನು ತರಗತಿಯಲ್ಲಿ ಪ್ರತಿ ವರ್ಷವೂ ಹೇಳುತ್ತೇನೆ, ಪ್ರತಿ ವರ್ಷವೂ ಮಕ್ಕಳು ಐದು ಅಂಕದ ಪ್ರಶ್ನೆಯೆಂದು ಬರೆದುಕೊಳ್ಳುತ್ತಾರೆ. ನಿಮ್ಮಲ್ಲಿ ಬದಲಾಗಬಹುದಾಗಿದ್ದ ತೀರ್ಮಾನಗಳು ಎರಡು: ಸಂದೇಶ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು, ವೇಳಾಪಟ್ಟಿ ಎಲ್ಲಿಂದ ಬರುತ್ತದೆ ಎಂಬುದು. ಸಂದೇಶ ಕಳುಹಿಸುವ ಕೋಡ್ ಒಂದೇ ಕಡೆ ಇದ್ದಿದ್ದರೆ ಆ ಬದಲಾವಣೆ ಅರ್ಧ ದಿನದ ಕೆಲಸ. ಎಷ್ಟು ಕಡೆ ಹರಡಿತ್ತೆಂದು ಎಣಿಸಿ, ಆ ಸಂಖ್ಯೆಯನ್ನು ವರದಿಯಲ್ಲಿ ಬರೆಯಿರಿ. ವೈವಾದಲ್ಲಿ ನಾನಾಗಿದ್ದರೆ ಆ ಒಂದು ಸಂಖ್ಯೆಯ ಮೇಲೆ ಕಾಲು ಗಂಟೆ ಮಾತನಾಡಿಸುತ್ತಿದ್ದೆ.

ಕೊನೆಭಾಗದವನು, ಮಳವಳ್ಳಿ

ನನಗೆ ಕೋಡ್ ತಿಳಿಯದು. ನೀರಾವರಿ ಉಪವಿಭಾಗವೊಂದರಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ, ಮೊಮ್ಮಗಳು ಈ ಚರ್ಚೆಯನ್ನು ತೋರಿಸಿದಳು. ಆಲೆಮನೆಯ ಹಿರಿಯರ ಮಾತನ್ನು ತಾವು ಮೂರು ತೊಂದರೆಗಳಲ್ಲಿ ಕೊನೆಯದಾಗಿ ಬರೆದಿದ್ದೀರಿ, ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು.

ಕಟ್ಟೆಯಲ್ಲಿ ಗೇಟು ಎತ್ತಿದ ಹೊತ್ತಿಗೂ ಮಳವಳ್ಳಿ ಕಡೆಯ ಗದ್ದೆಗೆ ನೀರು ತಲುಪುವ ಹೊತ್ತಿಗೂ ಇರುವ ಅಂತರವನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ. ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ವಿತರಣಾ ನಾಲೆಯಲ್ಲಿ ಹೂಳೆಷ್ಟು, ಜೊಂಡೆಷ್ಟು, ಮೇಲಿನ ಭಾಗದವರು ರಾತ್ರಿ ಎಷ್ಟು ತೂಬು ಎತ್ತಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಆದೇಶದಲ್ಲಿ ಒಂದು ದಿನಾಂಕವಿರುತ್ತದೆ, ನೀರು ತನ್ನ ಹೊತ್ತಿಗೆ ಬರುತ್ತದೆ. ಈ ಅಂತರವನ್ನು ದಿನದಿನವೂ ಬಲ್ಲವನು ತೂಬುಗಳಿಗೆ ನೀರು ಬಿಡುವ ನೀರಗಂಟಿ ಒಬ್ಬನೇ. ನಾಲೆಯ ಏರಿಯ ಮೇಲೆ ನಡೆದಾಡುವವನು ಅವನು. ತಮ್ಮ ಆ್ಯಪ್‌ನಲ್ಲಿ ಅವನಿಗೆ ಒಂದು ಗುಂಡಿ ಕೊಟ್ಟು, ನೀರು ಇಂಥ ತೂಬನ್ನು ದಾಟಿತು ಎಂದು ಒತ್ತಲು ಹೇಳಿದ್ದರೆ ಕೆಳಗಿನವರಿಗೆ ಸುದ್ದಿ ಸಿಗುತ್ತಿತ್ತು. ಕೆಲಸ ಶುರು ಮಾಡುವ ಮೊದಲು ತಂಡದವರು ಯಾರಾದರೂ ಒಬ್ಬ ನೀರಗಂಟಿಯ ಜೊತೆ ಒಂದು ದಿನ ಏರಿಯ ಮೇಲೆ ನಡೆದಿದ್ದರೇ ಎಂದು ಕೇಳಬಯಸುತ್ತೇನೆ. ತಪ್ಪು ತಿಳಿಯಬೇಡಿ, ಇಲಾಖೆಯಲ್ಲಿದ್ದಾಗ ನಾವೂ ಎಷ್ಟೋ ಬಾರಿ ನಕ್ಷೆ ನೋಡಿಯೇ ತೀರ್ಮಾನ ಮಾಡಿದವರು.

ತೂಬಿನ ಕಟ್ಟೆ, ಮಂಡ್ಯ

ಎಲ್ಲರ ಉತ್ತರಗಳನ್ನೂ ಎರಡು ಬಾರಿ ಓದಿದೆ, ನಿನ್ನೆ ರಾತ್ರಿ ಲಾಗ್ ಮುಂದಿಟ್ಟುಕೊಂಡು ಕುಳಿತೆ.

ನಾಲ್ಕು ಭಾಗಗಳೂ ಕೂಡಿ ಮೊದಲ ಬಾರಿ ಓಡಿದ್ದು ಡೆಮೊಗೆ 11 ದಿನ ಇರುವಾಗ. ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಭಾಗ ಮುಗಿಯಿತೆಂದು ವಾಟ್ಸಾಪ್ ಗುಂಪಿನಲ್ಲಿ ಕನಿಷ್ಠ ಎರಡು ಸಲ ಹೇಳಿದ್ದೇವೆ, ಯಾರೂ ಸುಳ್ಳು ಹೇಳಿರಲಿಲ್ಲ. ಎಸ್ಸೆಮ್ಮೆಸ್ ಕಳುಹಿಸುವ ಸಾಲುಗಳು 9 ಕಡತಗಳಲ್ಲಿ ಹರಡಿದ್ದವು, ಎಲ್ಲವನ್ನೂ ಬರೆದವನು ನಾನು. ಟೆಲಿಗ್ರಾಂಗೆ ಬದಲಾಯಿಸಲು ನಾಲ್ಕು ರಾತ್ರಿ ನಿದ್ದೆಗೆಟ್ಟದ್ದನ್ನು ನಾನು ಇಷ್ಟು ದಿನ ನನ್ನ ತ್ಯಾಗವೆಂದುಕೊಂಡಿದ್ದೆ. ಸಂದೇಶವನ್ನು ಕನ್ನಡದಲ್ಲಿ ಕಳುಹಿಸಿದರೆ ಒಂದು ಎಸ್ಸೆಮ್ಮೆಸ್‌ಗೆ 160ರ ಬದಲು 70 ಕ್ಯಾರೆಕ್ಟರ್ ಮಾತ್ರ ಹಿಡಿಸುತ್ತದೆ ಎಂಬುದನ್ನೂ ನಾವು ನೋಡಿರಲಿಲ್ಲ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಕ್ಷೇತ್ರ’ ಯಂತ್ರದ ಲೆಕ್ಕದಲ್ಲಿ ಏಳು. ಡಿಎಲ್‌ಟಿ ನೋಂದಣಿ ಆಗಿದ್ದರೂ ನಮ್ಮ ಉದ್ದದ ಒಕ್ಕಣೆಗೆ ಮೂರು ಎಸ್ಸೆಮ್ಮೆಸ್‌ಗಳ ದುಡ್ಡು ಕಟ್ಟಬೇಕಾಗುತ್ತಿತ್ತು.

ಮಳವಳ್ಳಿಯ ಹಿರಿಯರೇ, ಇಲ್ಲ, ನಾವು ಯಾರೂ ಏರಿಯ ಮೇಲೆ ನಡೆಯಲಿಲ್ಲ. ನಾನು ಅಚ್ಚುಕಟ್ಟಿನಲ್ಲೇ ಹುಟ್ಟಿ ಬೆಳೆದವನಾದ್ದರಿಂದ ನನಗೆ ಎಲ್ಲವೂ ಗೊತ್ತಿದೆಯೆಂದು ತಂಡದವರು ನಂಬಿದರು, ನಾನೂ ನಂಬಿದೆ.

ಪಟ್ಟಿಯ ವಿಷಯ ಹೇಳುವುದು ಸ್ವಲ್ಪ ಕಷ್ಟ. ನುಡಿಯಲ್ಲಿದ್ದ ಊರು, ತೂಬು, ವಿತರಣಾ ನಾಲೆಗಳ ಹೆಸರುಗಳನ್ನು ಪರಿವರ್ತಕದ ಮೂಲಕ ಹಾಯಿಸಿ, ಕೆಟ್ಟುಹೋದ ಹೆಸರುಗಳನ್ನು ಒಂದೊಂದಾಗಿ ತಿದ್ದಿದವಳು ಆ ಗೆಳತಿಯೇ. ‘ರ್ಯ’ ಮತ್ತು ‘ರ‍್ಯ’ ಎಂದು ಒಂದೇ ಉಚ್ಚಾರದ ಎರಡು ಬರಹ ರೂಪಗಳೂ ಬೆರೆತಿದ್ದರಿಂದ ಹುಡುಕಾಟದಲ್ಲಿ ಊರುಗಳು ತಪ್ಪಿಹೋಗುತ್ತವೆ ಎಂದು ಕಂಡುಹಿಡಿದವಳೂ ಅವಳೇ. ಐದು ವಾರ ಪ್ರತಿ ಸಂಜೆ ಲ್ಯಾಬಿನಲ್ಲಿ ಕುಳಿತು ಸ್ಪ್ರೆಡ್‌ಶೀಟ್ ತುಂಬಿ ನನಗೆ ಇಮೇಲ್ ಮಾಡುತ್ತಿದ್ದಳು, ನಾನು ಅದನ್ನು ಇಳಿಸಿಕೊಂಡು ನನ್ನ ಹೆಸರಿನಲ್ಲಿ ಕಮಿಟ್ ಮಾಡುತ್ತಿದ್ದೆ. ನನ್ನ ಕಮಿಟ್‌ಗಳಲ್ಲಿ 40ಕ್ಕೂ ಹೆಚ್ಚು ಆ ಕಡತದವು. ಅವಳಿಗೆ ಗಿಟ್ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಆಮೇಲೆ ಹೇಳಿಕೊಡೋಣ, ಸದ್ಯಕ್ಕೆ ಇಮೇಲ್ ಮಾಡು ಎಂದು ನಾನು ಹೇಳಿದ ಸಂದೇಶ ಗುಂಪಿನಲ್ಲಿ ದಿನಾಂಕದ ಸಮೇತ ಈಗಲೂ ಇದೆ. ನನ್ನ ಎರಡು ಪುಟಗಳನ್ನು ಆ ದಿನಾಂಕದಿಂದಲೇ ಆರಂಭಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, ಬರೆಯಲೇ ಎಂದು ಕೇಳಿದೆ. ಬರೆ, ಆದರೆ ಕಾಗುಣಿತ ನಾನು ನೋಡಿಕೊಡುತ್ತೇನೆ ಎಂದಳು.

ಒಂದೇ ಪ್ರಶ್ನೆ ಉಳಿದಿದೆ. ಹಳೆಯ ಕಮಿಟ್‌ಗಳ ಮೇಲಿನ ಹೆಸರನ್ನು ಈಗ ಬದಲಾಯಿಸಬಹುದೇ?

ಮೂರನೇ ಪಾಳಿ, ಮೈಸೂರು

ಬದಲಾಯಿಸಬಹುದು, ಆದರೆ ಬೇಡ. ಹೆಸರು ತಿದ್ದಿದರೆ ಅಲ್ಲಿಂದ ಮುಂದಿನ ಪ್ರತಿ ಕಮಿಟ್‌ನ ಗುರುತು ಸಂಖ್ಯೆಯೂ ಬದಲಾಗುತ್ತದೆ, ಮತ್ತೆ ಫೋರ್ಸ್ ಪುಶ್ ಮಾಡಬೇಕಾಗುತ್ತದೆ, ಗೈಡ್ ಬಳಿ ಇರುವ ಪ್ರತಿಗೂ ನಿಮ್ಮದಕ್ಕೂ ತಾಳೆಯಾಗುವುದಿಲ್ಲ. ಪ್ರಾಜೆಕ್ಟನ್ನು ಪರಿಚಯಿಸುವ ರೀಡ್‌ಮಿ ಕಡತದಲ್ಲಿ ದತ್ತಾಂಶದ ಕೆಲಸ ಯಾರದೆಂದು ಒಂದು ಭಾಗ ಬರೆಯಿರಿ. ಅದನ್ನು ಸೇರಿಸುವ ಕಮಿಟ್ ಸಂದೇಶದ ಕೊನೆಯಲ್ಲಿ ಸಹಲೇಖಕರ ಸಾಲು ಸೇರಿಸಿ ಅವಳ ಹೆಸರು ಮತ್ತು ಇಮೇಲ್ ಕೊಟ್ಟರೆ ಗಿಟ್ ಕೋಡನ್ನು ಇಡುವ ತಾಣವಾದ ಗಿಟ್‌ಹಬ್ ಇಬ್ಬರ ಹೆಸರನ್ನೂ ತೋರಿಸುತ್ತದೆ. ಇನ್ನೂ ಒಳ್ಳೆಯದೆಂದರೆ ಆ ಕಮಿಟ್ ಅನ್ನು ಅವಳಿಂದಲೇ ಮಾಡಿಸಿ. ನೀವು ಹೇಳಿದ ಆ ಒಂದು ಮಧ್ಯಾಹ್ನ ಇನ್ನೂ ಬಾಕಿ ಇದೆಯಲ್ಲ.